ನಮ್ಮ ಶಾಲೆಗೆ ಬಾರದ ಕಂಪ್ಯೂಟರಿನ ಕಥೆ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಕಂಪ್ಯೂಟರ್ ಕುರಿತು ಒಂದು ಲೇಖನ ಬರೆದುಕೊಡು ಎಂದು ಗುರುಗಳು ಹೇಳಿದಾಗ ಸಂತೋಷವಾಯಿತು. ಬಿಇ ಮುಗಿಸಿ ಇಷ್ಟು ವರ್ಷ ಸಾಫ್ಟ್‌ವೇರ್ ಕೆಲಸವನ್ನೇ ಮಾಡುತ್ತಿರುವವನು ನಾನು. ಆದರೆ ಮೊಬೈಲ್, ಇಂಟರ್‌ನೆಟ್, ಕೃತಕ ಬುದ್ಧಿಮತ್ತೆಗಳ ಬಗ್ಗೆ ಈಗ ಎಲ್ಲರೂ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಒಂದು ಹಳೆಯ ಕಂಪ್ಯೂಟರಿನ ಇತಿಹಾಸವನ್ನು. ನಮ್ಮ ಶಾಲೆ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಅದು ಇಂಗ್ಲೆಂಡಿನ ಮಕ್ಕಳ ಕೈಗೆ ಬಂತು, ನಮ್ಮ ದೇಶದ ಕೆಲವು ಶಾಲೆಗಳಿಗೂ ಬಂತು, ನಮ್ಮ ಶಾಲೆಗೆ ಬರಲಿಲ್ಲ. ಇಂದು ಅದನ್ನು ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಮತ್ತೆ ನಡೆಸಬಹುದು. ಹೇಗೆ ನಡೆಸಬಹುದು, ನಮ್ಮ ಮಕ್ಕಳಿಗೆ ಅದರಿಂದ ಏನು ಲಾಭ ಎಂಬುದೇ ಈ ಲೇಖನದ ವಿಷಯ.

ಟಿವಿಗೆ ಜೋಡಿಸುವ ಕಂಪ್ಯೂಟರ್

ನಮ್ಮ ದೇಶದಲ್ಲೇ ಕಟ್ಟಿದ ಮೊದಮೊದಲ ಗಣಕಯಂತ್ರಗಳಲ್ಲಿ ಒಂದಾದ ಟಿಫ್ರಾಕ್ 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಆರಂಭಿಸಿತು. ಆಗ ಗಣಕಯಂತ್ರವೆಂದರೆ ಕೋಣೆ ತುಂಬುವ ಕಪಾಟುಗಳು. ವಿಜ್ಞಾನಿಗಳನ್ನು ಬಿಟ್ಟು ಬೇರೆಯವರು ಅದರ ಹತ್ತಿರ ಸುಳಿಯುವಂತಿರಲಿಲ್ಲ. 1970ರ ದಶಕದಲ್ಲಿ ಮೈಕ್ರೋಪ್ರೊಸೆಸರ್ ಬಂದು ಈ ಸ್ಥಿತಿ ಬದಲಾಯಿತು. ಲೆಕ್ಕ ಮಾಡುವ ಇಡೀ ಯಂತ್ರ ಬೆರಳಿನಷ್ಟು ಚಿಪ್ಪಿನೊಳಗೆ ಸೇರಿಕೊಂಡಿತು. 1975ರಲ್ಲಿ ಅಮೆರಿಕದ ಎಂಒಎಸ್ ಟೆಕ್ನಾಲಜಿ ಎಂಬ ಕಂಪನಿ 6502 ಎಂಬ ಚಿಪ್ಪನ್ನು ಬರೇ 25 ಡಾಲರಿಗೆ ಮಾರಿತು. ಅದರ ಸರೀಕರ ಬೆಲೆ ಆಗ ಹಲವು ಪಟ್ಟು ಹೆಚ್ಚಿತ್ತು.

ಚಿಪ್ಪು ಅಗ್ಗವಾದ ಮೇಲೆ ಮನೆಗೆ ಕೊಳ್ಳಬಹುದಾದ ಕಂಪ್ಯೂಟರುಗಳು ಹುಟ್ಟಿಕೊಂಡವು. ನೋಡಲು ಒಂದು ದಪ್ಪ ಕೀಬೋರ್ಡ್ ಅಷ್ಟೇ, ಅದರ ಹೊಟ್ಟೆಯಲ್ಲೇ ಎಲ್ಲವೂ ಇರುತ್ತಿತ್ತು. ಪರದೆಯಾಗಿ ಮನೆಯ ಟಿವಿ. ಬರೆದದ್ದನ್ನು ಉಳಿಸಿಕೊಳ್ಳಲು ಟೇಪ್ ರೆಕಾರ್ಡರ್. ನಾವು ಭಜನಾ ಪದ, ಗೀಗೀ ಪದ ಕೇಳುತ್ತಿದ್ದಂಥದೇ ಕ್ಯಾಸೆಟ್ಟಿನಲ್ಲಿ ಅಲ್ಲಿಯ ಮಕ್ಕಳು ತಮ್ಮ ಪ್ರೋಗ್ರಾಮುಗಳನ್ನು ತುಂಬಿಡುತ್ತಿದ್ದರು. ಆ ಕ್ಯಾಸೆಟ್ಟನ್ನು ಟೇಪಿನಲ್ಲಿ ಹಾಕಿ ಕೇಳಿದರೆ ಕಿರ್ರೆಂಬ ಸದ್ದು ಬರುತ್ತಿತ್ತು. ಆ ಸದ್ದೇ ಅಂಕಿಗಳು.

1982ರಲ್ಲಿ ಇಂಗ್ಲೆಂಡಿನಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್, ಅಮೆರಿಕದಲ್ಲಿ ಕಮೊಡೋರ್ 64 ಬಂದವು. ಅದಕ್ಕೂ ಕೆಲವು ತಿಂಗಳು ಮೊದಲು, 1981ರ ಡಿಸೆಂಬರಿನಲ್ಲಿ, ಕೇಂಬ್ರಿಜ್ ಊರಿನ ಏಕಾರ್ನ್ ಎಂಬ ಸಣ್ಣ ಕಂಪನಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರನ್ನು ಹೊರತಂದಿತು. ಇಂಗ್ಲೆಂಡಿನ ರೇಡಿಯೋ ಮತ್ತು ಟಿವಿ ಸಂಸ್ಥೆಯಾದ ಬಿಬಿಸಿ ಜನರಿಗೆ ಕಂಪ್ಯೂಟರ್ ಕಲಿಸಲು ಒಂದು ದೊಡ್ಡ ಯೋಜನೆ ಹಾಕಿಕೊಂಡಿತ್ತು. ಟಿವಿಯಲ್ಲಿ ಪಾಠ, ಪಾಠದ ಜೊತೆಗೆ ಒಂದು ಯಂತ್ರ. ಆ ಯಂತ್ರವೇ ಬಿಬಿಸಿ ಮೈಕ್ರೋ. ಅದರ ವಿನ್ಯಾಸದಲ್ಲಿ ಮುಖ್ಯರಾದವರು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಒಟ್ಟು 15 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ಗೋಕಾಕ್ ಚಳವಳಿ ನಡೆಯುತ್ತಿತ್ತು. ವರದಿಗೆ ಆ ಹೆಸರು ಬಂದದ್ದು ನಮ್ಮ ಊರಿನಿಂದಲ್ಲ, ಸಮಿತಿಯ ಅಧ್ಯಕ್ಷರಾದ ವಿ.ಕೃ. ಗೋಕಾಕರಿಂದ. ಶಾಲೆಯಲ್ಲಿ ಮಗು ಯಾವ ಭಾಷೆ ಕಲಿಯಬೇಕು ಎಂದು ನಾವು ಇಲ್ಲಿ ಕೇಳುತ್ತಿದ್ದಾಗ, ಯಂತ್ರದ ಭಾಷೆಯನ್ನೂ ಮಗು ಕಲಿಯಬೇಕೇ ಎಂದು ಅಲ್ಲಿ ಕೇಳುತ್ತಿದ್ದರು. ಎರಡೂ ಶಾಲೆಯ ಮಗುವಿನ ಪ್ರಶ್ನೆಗಳೇ.

ದೇಶದ 250 ಶಾಲೆಗಳು

ಬಿಬಿಸಿ ಮೈಕ್ರೋ ಭಾರತಕ್ಕೂ ಬಂತು. 1984-85ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ ಸೇರಿ ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯಿಸುವ ಪ್ರಾಯೋಗಿಕ ಯೋಜನೆಯೊಂದನ್ನು ಆರಂಭಿಸಿದವು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಕ್ಲಾಸ್’ ಯೋಜನೆ ಎಂದು ಕರೆದರು. ಮೊದಲು ಆರಿಸಿದ್ದು ದೇಶದಲ್ಲಿ 250 ಶಾಲೆಗಳನ್ನು. ಅವಕ್ಕೆ ಕೊಟ್ಟದ್ದು ಇದೇ ಬಿಬಿಸಿ ಮೈಕ್ರೋ ಯಂತ್ರಗಳನ್ನು. ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಪರವಾನಗಿ ಪಡೆದು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಅದನ್ನು ಇಲ್ಲಿಯೇ ತಯಾರಿಸಿತು. ಸ್ಪೆಕ್ಟ್ರಮ್ ಯಂತ್ರವೂ ಡೆಸಿಬೆಲ್ಸ್ ಎಂಬ ಭಾರತೀಯ ಕಂಪನಿಯ ಮೂಲಕ ಇಲ್ಲಿ ಮಾರಾಟಕ್ಕೆ ಬಂತು.

ಲಕ್ಷಾಂತರ ಶಾಲೆಗಳಿರುವ ದೇಶದಲ್ಲಿ 250 ಎಂದರೆ ಹೊಲಕ್ಕೆ ಬಿದ್ದ ನಾಲ್ಕು ಹನಿ. ಯೋಜನೆ ಮುಂದೆ ಇನ್ನಷ್ಟು ಶಾಲೆಗಳಿಗೆ ಹಬ್ಬಿತಾದರೂ ನಮ್ಮಂಥ ಊರಿನ ಶಾಲೆಯ ಸರದಿ ಬರಲಿಲ್ಲ. 1990ರ ದಶಕದಲ್ಲಿ ಯೋಜನೆಯೂ ಬಿಬಿಸಿ ಮೈಕ್ರೋ ಬಿಟ್ಟು ಐಬಿಎಂ ಮಾದರಿಯ ಕಂಪ್ಯೂಟರುಗಳತ್ತ ಹೊರಳಿತು.

ಹಾಗೆಂದು ನಮ್ಮ ಭಾಗ ಯಂತ್ರಕ್ಕೆ ಹಿಂಜರಿದ ನಾಡಲ್ಲ. ಗೋಕಾಕ ಫಾಲ್ಸಿನಲ್ಲಿ 1887ರಷ್ಟು ಹಿಂದೆಯೇ ಘಟಪ್ರಭೆಯ ನೀರಿನಿಂದ ವಿದ್ಯುತ್ ತೆಗೆದು ಗಿರಣಿ ನಡೆಸಿದರು. ಹುಕ್ಕೇರಿಯಲ್ಲಿ 1969ರಲ್ಲೇ ರೈತರು ಸೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಕರೆಂಟನ್ನು ಸಹಕಾರದಿಂದ ಹಂಚಿಕೊಂಡ ಜನ ನಾವು. ಕಂಪ್ಯೂಟರ್ ಮಾತ್ರ ನಮ್ಮಲ್ಲಿಗೆ ಕಚೇರಿಯ ದಾರಿಯಿಂದ ಬಂತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ತಾಲೂಕು ಕಚೇರಿಯಲ್ಲಿ ಉತಾರ ಕಂಪ್ಯೂಟರಿನಿಂದ ಹೊರಬರತೊಡಗಿದಾಗ ನಮ್ಮ ಹಿರಿಯರಲ್ಲಿ ಅನೇಕರು ಮೊದಲ ಬಾರಿ ಕಂಪ್ಯೂಟರ್ ನೋಡಿದ್ದು ಗಾಜಿನ ಆಚೆಗೆ. ಅದೇ ಸುಮಾರಿಗೆ ‘ಮಾಹಿತಿ ಸಿಂಧು’ ಯೋಜನೆಯಡಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂತು. ನಾನು ಪ್ರೌಢಶಾಲೆಯಲ್ಲಿದ್ದ ಕಾಲದ ಕಂಪ್ಯೂಟರ್ ಕೋಣೆ ನನ್ನ ಓರಗೆಯವರಿಗೆಲ್ಲ ನೆನಪಿರಬೇಕು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು, ದೇವರ ಕೋಣೆಗೆ ಹೋದಂತೆ ಒಳಗೆ ಹೋಗುತ್ತಿದ್ದೆವು. ಚಿತ್ರ ಬರೆಯಲು, ಪತ್ರ ಟೈಪ್ ಮಾಡಲು ಕಲಿತೆವು. ಅದೂ ದೊಡ್ಡದೇ. ಆದರೆ ಬಿಬಿಸಿ ಮೈಕ್ರೋ ಕಾಲದ ಮಗು ಕಲಿತದ್ದು ಬೇರೆ.

32 ಕೆಬಿ ಎಂದರೆ ಎಷ್ಟು?

ಆ ಯಂತ್ರದ ಸ್ವಿಚ್ ಒತ್ತಿದ ಕ್ಷಣದಲ್ಲೇ ಎರಡು ಸ್ವರದ ಒಂದು ಪೀಪಿ ಕೇಳುತ್ತಿತ್ತು. ಪರದೆಯ ಮೇಲೆ ಯಂತ್ರದ ಹೆಸರು, ‘ಬೇಸಿಕ್’ ಎಂಬ ಪದ, ಕೆಳಗೆ ಒಂದು ಬಾಣದ ಗುರುತು. ಅಷ್ಟೇ. ಒತ್ತಲು ಚಿತ್ರವಿಲ್ಲ, ಆರಿಸಲು ಪಟ್ಟಿಯಿಲ್ಲ. ‘ನೀನು ಹೇಳು, ನಾನು ಮಾಡುತ್ತೇನೆ’ ಎಂದು ಯಂತ್ರ ಕಾಯುತ್ತಿತ್ತು. ಹೇಳುವುದಕ್ಕೆ ಬೇಸಿಕ್ ಭಾಷೆ ಬರಬೇಕು. ಹದಿನೇಳರ ಮಗ್ಗಿ ಬೇಕಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆಯಬೇಕಿತ್ತು:

10 ಫಾರ್ ಐ = 1 ಟು 10
20 ಪ್ರಿಂಟ್ 17 * ಐ
30 ನೆಕ್ಸ್ಟ್ ಐ

‘ರನ್’ ಎಂದರೆ ಮಗ್ಗಿ ಮುಗಿಯಿತು. 10ನ್ನು ಅಳಿಸಿ 1000 ಎಂದು ಬರೆದರೆ ಯಂತ್ರ ಬೇಸರವಿಲ್ಲದೆ ಸಾವಿರದವರೆಗೆ ಹೇಳುತ್ತದೆ. ಕಂಪ್ಯೂಟರ್ ಎಂದರೆ ಏನು ಎಂಬುದರ ಅರ್ಧ ಪಾಠ ಈ ಮೂರು ಸಾಲಿನಲ್ಲಿದೆ. ಯಂತ್ರ ಬುದ್ಧಿವಂತನಲ್ಲ. ಹೇಳಿದ್ದನ್ನು ಹೇಳಿದಷ್ಟು ಸಲ, ದಣಿಯದೆ ಮಾಡುತ್ತದೆ.

ಬಿಬಿಸಿ ಮೈಕ್ರೋದ ‘ಮಾಡೆಲ್ ಬಿ’ಗೆ ಇದ್ದ ಮೆಮರಿ 32 ಕೆಬಿ, ಅಂದರೆ 32,768 ಬೈಟ್. ಇಂದಿನ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತ ಚಿಹ್ನೆಗೆ 3 ಬೈಟ್ ಬೇಕು. ಹಾಗಾಗಿ ನೀವು ಓದುತ್ತಿರುವ ಈ ಲೇಖನ ಆ ಯಂತ್ರದ ಮೆಮರಿಯಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಬಣ್ಣದ ಚಿತ್ರದ ಪರದೆ ಬೇಕೆಂದರೆ 20 ಕೆಬಿ ಪರದೆಗೇ ಹೋಗುತ್ತಿತ್ತು. ಉಳಿದ ಸ್ವಲ್ಪ ಜಾಗದಲ್ಲಿ ಮಕ್ಕಳು ಆಟ ಬರೆದರು, ಶಿಕ್ಷಕರು ಪಾಠ ಬರೆದರು. ಬಡತನದ ಮನೆಯಲ್ಲಿ ತಾಯಿ ಇದ್ದ ಹಿಟ್ಟಿನಲ್ಲೇ ಎಲ್ಲರಿಗೂ ರೊಟ್ಟಿ ಬಡಿದಂತೆ.

ಮೊಮ್ಮಗನ ಜನನ

ಏಕಾರ್ನ್ ಕಂಪನಿ ಬಿಬಿಸಿ ಮೈಕ್ರೋ ಮಾಡಿ ಸುಮ್ಮನಿರಲಿಲ್ಲ. 6502ಗಿಂತ ಶಕ್ತಿಯುತವಾದ ತನ್ನದೇ ಚಿಪ್ಪು ಬೇಕೆಂದು 1983ರಲ್ಲಿ ಕೆಲಸ ಆರಂಭಿಸಿತು. ಮಾಡಿದವರು ಅದೇ ವಿಲ್ಸನ್ ಮತ್ತು ಫರ್ಬರ್. ಹೊಸ ಚಿಪ್ಪಿಗೆ ‘ಆರ್ಮ್’ ಎಂದು ಹೆಸರಿಟ್ಟರು. ಚಿಪ್ಪನ್ನು ಒಮ್ಮೆ ತಯಾರಿಸಿದ ಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲೇ ನಡೆಸಿ ನೋಡಬೇಕಿತ್ತು. ಅವರು ಅದನ್ನು ನಡೆಸಿ ನೋಡಿದ್ದು ಬಿಬಿಸಿ ಮೈಕ್ರೋದ ಬೇಸಿಕ್ ಭಾಷೆಯಲ್ಲಿ, ಸುಮಾರು 800 ಸಾಲಿನ ಪ್ರೋಗ್ರಾಮಿನಲ್ಲಿ. ಹುಟ್ಟಿರದ ಚಿಪ್ಪಿನ ವೇಷವನ್ನು ಹಳೆಯ ಯಂತ್ರ ಹಾಕಿತು. 1985ರ ಏಪ್ರಿಲ್ 26ರಂದು ನಿಜವಾದ ಚಿಪ್ಪು ಬಂದಾಗ ಅದನ್ನು ಜೋಡಿಸಿ ಪರೀಕ್ಷಿಸಿದ್ದೂ ಬಿಬಿಸಿ ಮೈಕ್ರೋಗೇ.

ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲ್ ನಡೆಯುವುದು ಆ ಆರ್ಮ್ ವಂಶದ ಚಿಪ್ಪಿನ ಮೇಲೆಯೇ. ನಮ್ಮ ರಾಜ್ಯಕ್ಕೂ ಇದರ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್ಕೋರ್ ಕಂಪನಿಯ ಜೊತೆ ಸೇರಿ ಹಳ್ಳಿಗರಿಗೂ ಎಟಕಬೇಕೆಂದು ರೂಪಿಸಿ, 2001ರಲ್ಲಿ ತೋರಿಸಿದ ಕೈಗಣಕ ‘ಸಿಂಪ್ಯೂಟರ್’ ಕೂಡ ಇದೇ ವಂಶದ ಚಿಪ್ಪನ್ನು ಬಳಸಿತ್ತು.

2012ರ ಫೆಬ್ರವರಿ 29ರಂದು ಅದೇ ಕೇಂಬ್ರಿಜ್ ಊರಿನಿಂದ ‘ರಾಸ್ಪ್‌ಬೆರಿ ಪೈ’ ಎಂಬ ಪುಟ್ಟ ಕಂಪ್ಯೂಟರ್ ಬಂತು. ಎಟಿಎಂ ಕಾರ್ಡಿನ ಅಗಲದ ಒಂದೇ ಹಲಗೆ, ಬೆಲೆ 35 ಡಾಲರ್, ಒಳಗೆ ಆರ್ಮ್ ಚಿಪ್ಪು. ಅದನ್ನು ಮಾಡಿದ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರಿಗೆ ಒಂದು ಚಿಂತೆಯಿತ್ತು. ಕಾಲೇಜಿಗೆ ಬರುವ ಮಕ್ಕಳು ಕಂಪ್ಯೂಟರ್ ಬಳಸಿ ಬಂದಿರುತ್ತಾರೆ, ಆದರೆ ಅದಕ್ಕೆ ಹೇಳಿಕೊಡಲು ಬರುವುದಿಲ್ಲ. ಬಿಬಿಸಿ ಮೈಕ್ರೋದಂಥ ಯಂತ್ರ ಮತ್ತೆ ಬೇಕು ಎಂದು ಅವರು ಹೊರಟರು. ಅದರ ನೆನಪಿಗೇ ತಮ್ಮ ಹಲಗೆಗಳಿಗೂ ‘ಮಾಡೆಲ್ ಎ’, ‘ಮಾಡೆಲ್ ಬಿ’ ಎಂದು ಹೆಸರಿಟ್ಟರು.

ವೇಷ ಹಾಕುವ ಯಂತ್ರ

ಒಂದು ಯಂತ್ರ ಇನ್ನೊಂದು ಯಂತ್ರದಂತೆ ನಡೆದುಕೊಳ್ಳುವುದಕ್ಕೆ ‘ಎಮ್ಯುಲೇಷನ್’ ಎನ್ನುತ್ತಾರೆ. ಹಾಗೆ ನಡೆಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎನ್ನುತ್ತಾರೆ. ನಮ್ಮ ಭಾಗದವರಿಗೆ ಇದನ್ನು ತಿಳಿಸುವುದು ಸುಲಭ. ಗೋಕಾಕದ ಆಟಿಗೆಗಳನ್ನು ನೋಡಿದ್ದೀರಿ. ಮಾವು, ಬಾಳೆ, ಬದನೆ ನಿಜವೇ ಎನ್ನುವಂತಿರುತ್ತವೆ, ಆದರೆ ಹೊರಗಿನ ರೂಪವಷ್ಟೇ. ಎಮ್ಯುಲೇಟರ್ ಆಟಿಗೆಯಂಥದಲ್ಲ. ಅದು ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತದ ಪಾತ್ರಧಾರಿಯಂಥದು. ಸತ್ಯಭಾಮೆಯ ಪಾತ್ರ ಮಾಡುವವರು ಯಾವ ಊರಿನವರು ಎಂದು ಯಾರೂ ಕೇಳುವುದಿಲ್ಲ. ಕೊರವಂಜಿ ಕೇಳಿದ ಮಾತಿಗೆ ಸತ್ಯಭಾಮೆ ಕೊಡಬೇಕಾದ ಉತ್ತರವನ್ನೇ ಕೊಟ್ಟರೆ ಸಾಕು, ಬೆಳಗಿನವರೆಗೂ ಅವರು ಸತ್ಯಭಾಮೆಯೇ.

6502 ಚಿಪ್ಪಿಗೆ ಗೊತ್ತಿದ್ದ ಆಜ್ಞೆಗಳು ಬರೇ 56 ಬಗೆಯವು. ಪ್ರತಿ ಆಜ್ಞೆಗೂ ಸಂಖ್ಯೆಯ ಗುರುತಿದೆ. 169 ಬಂದರೆ ‘ಮುಂದಿನ ಸಂಖ್ಯೆಯನ್ನು ಕೈಗೆ ತೆಗೆದುಕೋ’ ಎಂದರ್ಥ. 105 ಬಂದರೆ ‘ಮುಂದಿನ ಸಂಖ್ಯೆಯನ್ನು ಅದಕ್ಕೆ ಕೂಡಿಸು’. 141 ಬಂದರೆ ‘ಕೈಯಲ್ಲಿದ್ದದ್ದನ್ನು ಇಂಥ ಮನೆಯಲ್ಲಿ ಇಡು’. ಎಮ್ಯುಲೇಟರ್ ಮಾಡುವುದಿಷ್ಟೇ: ಹಳೆಯ ಯಂತ್ರದ ಪ್ರೋಗ್ರಾಮಿನಿಂದ ಒಂದು ಸಂಖ್ಯೆ ಓದುತ್ತದೆ, 6502 ಆಗಿದ್ದರೆ ಏನು ಮಾಡುತ್ತಿತ್ತೋ ಅದನ್ನು ಮಾಡುತ್ತದೆ, ಮುಂದಿನ ಸಂಖ್ಯೆಗೆ ಹೋಗುತ್ತದೆ. ಹಳೆಯ ಯಂತ್ರದ ರಾಮ್ ಎಂಬ ಕಾಯಂ ಚಿಪ್ಪಿನಲ್ಲಿ ಬರೆದಿದ್ದ 32 ಕೆಬಿಯಷ್ಟು ವಿಷಯವನ್ನು ಒಂದು ಬೈಟೂ ಬಿಡದೆ ನಕಲು ಮಾಡಿ ಅದಕ್ಕೆ ಕೊಟ್ಟರೆ, ಅದೇ ಪೀಪಿ, ಅದೇ ಬಾಣದ ಗುರುತು ಬರುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಬಿಬಿಸಿ ಮೈಕ್ರೋ ಸೆಕೆಂಡಿಗೆ 20 ಲಕ್ಷ ಸಲ ಮಿಡಿಯುತ್ತಿತ್ತು. 2016ರಲ್ಲಿ ಬಂದ ರಾಸ್ಪ್‌ಬೆರಿ ಪೈ 3 ಮಿಡಿಯುವುದು ಸೆಕೆಂಡಿಗೆ 120 ಕೋಟಿ ಸಲ. ಅದರ 1 ಜಿಬಿ ಮೆಮರಿ ಹಳೆಯದರ 32,768 ಪಟ್ಟು. ಹಾಗಾಗಿ ಎಮ್ಯುಲೇಟರ್ ಓಡಬೇಕಾಗಿಲ್ಲ, ನಿಧಾನಿಸಬೇಕು. ನಿಧಾನಿಸದಿದ್ದರೆ ಹಳೆಯ ಆಟಗಳು ಕಣ್ಣಿಗೇ ಹಿಡಿಯುವುದಿಲ್ಲ. ಅಜ್ಜನ ಕೈಹಿಡಿದು ನಡೆಯುವ ಮೊಮ್ಮಗ ಹೆಜ್ಜೆ ಸಣ್ಣದು ಮಾಡಿಕೊಂಡಂತೆ. 1983ರ ಮುಂದಿನ ದಿನಗಳಲ್ಲಿ ಬಿಬಿಸಿ ಮೈಕ್ರೋ ಆರ್ಮ್ ಚಿಪ್ಪಿನ ವೇಷ ಹಾಕಿತ್ತು. ಇಂದು ಆರ್ಮ್ ಚಿಪ್ಪಿನ ರಾಸ್ಪ್‌ಬೆರಿ ಪೈ ಬಿಬಿಸಿ ಮೈಕ್ರೋದ ವೇಷ ಹಾಕುತ್ತಿದೆ.

ಎಂಟು ಚೌಕದಲ್ಲಿ ಒಂದು ‘ಗ’

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಈ ಹಲಗೆಯನ್ನು ಮನೆಯ ಟಿವಿಗೆ ಜೋಡಿಸಿದೆ. ಒಂಬತ್ತನೆಯ ಇಯತ್ತೆ ಓದುವ ಅಕ್ಕನ ಮಗ ಮೊದಲು ಕೇಳಿದ್ದು, “ಮಾಮಾ, ಇದರಾಗ ಗೇಮ್ ಅದಾವೇನು?” ಎಂದು. “ಅದಾವ. ಆದರ ಮೊದಲ ನೀನು ಇದಕ್ಕೊಂದು ಅಕ್ಷರ ಕಲಸು” ಎಂದೆ. ಬಿಬಿಸಿ ಮೈಕ್ರೋಗೆ ಕನ್ನಡ ಬರುವುದಿಲ್ಲ. ಆದರೆ ಹೊಸ ಅಕ್ಷರ ಕಲಿಸಲು ‘ವಿಡಿಯು 23’ ಎಂಬ ಆಜ್ಞೆ ಇದೆ. ಅಡ್ಡ 8, ಉದ್ದ 8 ಚೌಕಗಳ ಮನೆಯಲ್ಲಿ ಎಲ್ಲಿ ತುಂಬಬೇಕು, ಎಲ್ಲಿ ಖಾಲಿ ಬಿಡಬೇಕು ಎಂದು ಹೇಳಬೇಕು. ಚೌಕದ ಹಾಳೆಯ ಮೇಲೆ ಪೆನ್ಸಿಲಿನಿಂದ ಗೋಕಾಕದ ‘ಗ’ ಬರೆದೆವು:

□□□□□□■□ = 2
□■■■■■□□ = 124
□□□■□□□□ = 16
□□■■■□□□ = 56
□■□□□■□□ = 68
■□□□□□■□ = 130
■□□□□□■□ = 130
■■□□□■■□ = 198

ಎಡದಿಂದ ಬಲಕ್ಕೆ ಚೌಕಗಳ ಬೆಲೆ 128, 64, 32, 16, 8, 4, 2, 1. ಒಂದು ಸಾಲಿನಲ್ಲಿ ತುಂಬಿದ ಚೌಕಗಳ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ ಸಿಗುತ್ತದೆ. ಎರಡನೆಯ ಸಾಲು 64, 32, 16, 8, 4 ಕೂಡಿ 124. ಹುಡುಗ ಬೆರಳೆಣಿಸಿ ಎಂಟೂ ಸಾಲು ತಾನೇ ಕೂಡಿಸಿದ. ಆಜ್ಞೆಯ ಮುಂದೆ 224 ಎಂದು ಅಕ್ಷರದ ನಂಬರ್ ಕೊಟ್ಟು, ಈ ಎಂಟು ಸಂಖ್ಯೆ ಬರೆದು, 224ನ್ನು ತೋರಿಸು ಎಂದಾಗ ಪರದೆಯ ಮೇಲೆ ‘ಗ’ ಮೂಡಿತು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, “ಹೌದಪಾ, ಗ ಐತಿ” ಎಂದಳು. ಹುಡುಗ ಗೇಮ್ ಮರೆತು ‘ಕ’ ಬರೆಯಲು ಕುಳಿತ. ದ್ವಿಮಾನ ಪದ್ಧತಿ ಎಂದು ಗಣಿತದಲ್ಲಿ ಹೇಳುವ ಪಾಠ ಇದೇ.

‘ಗ’ ಸುಲಭ. ‘ಕ್ಷ’, ‘ಸ್ತ್ರೀ’ ಬರೆಯಹೋದಾಗ ಎಂಟು ಚೌಕ ಸಾಲಲಿಲ್ಲ. ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತ ಮೇಲೇರಬೇಕು. ಕನ್ನಡವನ್ನು ಕಂಪ್ಯೂಟರಿಗೆ ತರಲು ಹಿಂದಿನವರು ಎಷ್ಟು ಶ್ರಮಪಟ್ಟಿರಬೇಕು ಎಂಬುದು ಆಗ ಅವನಿಗೆ ತಾನಾಗಿ ಅರ್ಥವಾಯಿತು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಸರಳ ಕೀಲಿಮಣೆ ವಿನ್ಯಾಸ ಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶ ರೂಪಿಸಿತು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಇಂದು ಮೊಬೈಲಿನಲ್ಲಿ ಬೆರಳಾಡಿಸಿ ಕನ್ನಡ ಬರೆಯುವಾಗ ಇದಾವುದೂ ಕಾಣುವುದಿಲ್ಲ. ಹಳೆಯ ಯಂತ್ರದ ಮುಂದೆ ಕುಳಿತಾಗ ಕಾಣುತ್ತದೆ.

ನಮ್ಮ ಶಾಲೆಗೆ ಇದರಿಂದೇನು?

ಹೊಸ ಕಂಪ್ಯೂಟರ್ ಇರುವಾಗ ಹಳೆಯದರ ವೇಷ ಏಕೆ ಎಂದು ಹಿರಿಯರು ಕೇಳಬಹುದು. ಹೊಸ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಮಗುವಿಗೆ ಕಲಿಸಲಾಗದು. ಹಳೆಯ ಪಂಪ್‌ಸೆಟ್ ಬಿಚ್ಚಿ ಕಲಿಸಬಹುದು. ಇಂದಿನ ಮೊಬೈಲನ್ನು ಪೂರ್ತಿ ತಿಳಿದವರು ಯಾರೂ ಇಲ್ಲ, ನಾನೂ ಅಲ್ಲ. ಬಿಬಿಸಿ ಮೈಕ್ರೋವನ್ನು ಪ್ರೌಢಶಾಲೆಯ ಹುಡುಗಿಯೊಬ್ಬಳು ಒಂದು ವರ್ಷದಲ್ಲಿ ತಳಮಟ್ಟದಿಂದ ತಿಳಿದುಕೊಳ್ಳಬಹುದು. ಒಮ್ಮೆ ಒಂದು ಯಂತ್ರ ಪೂರ್ತಿ ತಿಳಿದರೆ ಬೇರೆ ಯಾವ ಯಂತ್ರದ ಮುಂದೆಯೂ ಭಯವಿರುವುದಿಲ್ಲ. ಸರ್ಕಾರಿ ಶಾಲೆಯಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೋದ ನಮ್ಮಲ್ಲಿ ಅನೇಕರು ಮೊದಲ ವರ್ಷ ಹೊತ್ತು ತಿರುಗುವುದು ಆ ಭಯವನ್ನೇ. ಪಟ್ಟಣದ ಮಕ್ಕಳ ಪಕ್ಕ ಕುಳಿತಾಗ ಗಣಿತ ನಮಗೆ ಕಡಿಮೆ ಬರುತ್ತಿರಲಿಲ್ಲ. ಯಂತ್ರದ ಸಲಿಗೆ ಮಾತ್ರ ಇರಲಿಲ್ಲ.

ಖರ್ಚಿನ ಲೆಕ್ಕವನ್ನೂ ಹೇಳಬೇಕು. ಹಲಗೆ, ಮೆಮರಿ ಕಾರ್ಡ್, ಕೀಬೋರ್ಡ್ ಸೇರಿ ಕೆಲವು ಸಾವಿರ ರೂಪಾಯಿ. ಪರದೆಗೆ ಶಾಲೆಯ ಟಿವಿ ಸಾಕು. ಒಂದು ಸಣ್ಣ ಬಲ್ಬಿನಷ್ಟು ಕರೆಂಟು ಸಾಕು. ಎಮ್ಯುಲೇಟರುಗಳು ಉಚಿತ. ಬಿಬಿಸಿ ಮೈಕ್ರೋಗೆ ಬಿ-ಎಮ್, ಸ್ಪೆಕ್ಟ್ರಮ್‌ಗೆ ಫ್ಯೂಸ್, ಕಮೊಡೋರ್‌ಗೆ ವೈಸ್ ಇವೆ. ಹಳೆಯ ಯಂತ್ರದ ಕಾಯಂ ಚಿಪ್ಪಿನ ನಕಲಿಗೆ ಹಕ್ಕುದಾರರಿರುತ್ತಾರೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು. ಸ್ಪೆಕ್ಟ್ರಮ್‌ನ ಹಕ್ಕು ಹೊಂದಿದ್ದ ಆಮ್ಸ್‌ಟ್ರಾಡ್ ಕಂಪನಿ ಎಮ್ಯುಲೇಟರುಗಳಲ್ಲಿ ಬಳಸಲು ತಾನೇ ಅನುಮತಿ ಕೊಟ್ಟಿದೆ. ಇನ್ನೊಂದು ಎಚ್ಚರಿಕೆ: ಹಳೆಯ ಯಂತ್ರವನ್ನು ಸ್ವಿಚ್ ತೆಗೆದು ಹಾಗೆಯೇ ಆರಿಸಬಹುದಿತ್ತು, ಈ ಹಲಗೆಯನ್ನು ಹಾಗೆ ಆರಿಸಿದರೆ ಮೆಮರಿ ಕಾರ್ಡ್ ಕೆಡಬಹುದು. ನಮ್ಮ ಕಡೆಯ ಕರೆಂಟಿನ ಬಗ್ಗೆ ನಿಮಗೇ ಗೊತ್ತು. ಒಂದು ಪವರ್ ಬ್ಯಾಂಕ್ ಜೊತೆಗಿರಲಿ, ಮತ್ತು ಕಾರ್ಡಿನ ನಕಲೊಂದು ಮುಖ್ಯಾಧ್ಯಾಪಕರ ಕಪಾಟಿನಲ್ಲಿರಲಿ.

ಹಲಗೆಯ ಅಂಚಿನಲ್ಲಿ 40 ಸಣ್ಣ ಕಡ್ಡಿಗಳಿವೆ. ಅವಕ್ಕೆ ದೀಪ, ಗಂಟೆ, ಮಣ್ಣಿನ ತೇವ ಅಳೆಯುವ ಸಾಧನ ಜೋಡಿಸಬಹುದು. ಬೇಸಿಕ್ ಕಲಿತ ಮಗು ಮುಂದೆ ಪೈಥಾನ್ ಕಲಿತು, ಕಬ್ಬಿನ ಹೊಲಕ್ಕೆ ನೀರು ಯಾವಾಗ ಬೇಕೆಂದು ಹೇಳುವ ಯಂತ್ರ ಮಾಡಬಹುದು. ಹಳೆಯದು ಅಲ್ಲಿಗೆ ಹತ್ತುವ ಮೊದಲ ಮೆಟ್ಟಿಲು.

1984ರಲ್ಲಿ ಯಂತ್ರ ಯಾವ ಶಾಲೆಗೆ ಹೋಗಬೇಕು ಎಂದು ದೆಹಲಿಯಲ್ಲಿ ತೀರ್ಮಾನವಾಯಿತು. ಆಗ ಅದು ದುಬಾರಿ ಯಂತ್ರ, ಸಂಖ್ಯೆಯೂ ಕಡಿಮೆ, ಬೇರೆ ದಾರಿಯಿರಲಿಲ್ಲ. ಈಗ ಆ ತೀರ್ಮಾನ ನಮ್ಮ ಕೈಯಲ್ಲಿದೆ. ಸುವರ್ಣ ಮಹೋತ್ಸವದ ನಿಮಿತ್ತ ಎರಡು ಹಲಗೆ, ಎರಡು ಕೀಬೋರ್ಡ್ ಮತ್ತು ಕನ್ನಡದಲ್ಲಿ ಬರೆದ ಒಂದು ಕೈಪಿಡಿಯನ್ನು ಶಾಲೆಗೆ ಒಪ್ಪಿಸುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಇನ್ನೂ ನಾಲ್ಕು ಸೆಟ್ ಕೂಡಿದರೆ ಒಂದು ತರಗತಿ ಆರು ಗುಂಪಾಗಿ ಕುಳಿತು ಕಲಿಯಬಹುದು. ಊರಿನಲ್ಲೇ ಇರುವ ಡಿಪ್ಲೊಮಾ, ಐಟಿಐ ಓದಿದ ತರುಣರು ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೊಡಲಿ. ನಾನೂ ತಿಂಗಳಿಗೊಮ್ಮೆ ಬರುತ್ತೇನೆ. ಗುರುಗಳಲ್ಲಿ ಕೇಳಿಕೊಳ್ಳುವುದು, ಈ ಹಲಗೆಗಳಿಗೆ ಬಟ್ಟೆ ಹೊದಿಸಿ ಕಪಾಟಿನಲ್ಲಿ ಇಡಬೇಡಿ. ಮಕ್ಕಳು ಮುಟ್ಟಲಿ. ಕೆಟ್ಟರೆ ಇನ್ನೊಂದು ತರೋಣ.